ಕಿಟಕಿಯ ಮೇಲಿನ ಇಟ್ಟಿಗೆಯನ್ನು ಹೊರುವವರಾರು?

ರಾಯಚೂರು ಜಿಲ್ಲೆಯ ಕಲ್ಲೂರಿನಲ್ಲಿ ನನ್ನ ಸೋದರಮಾವನವರು ಕೆಲವು ವರ್ಷಗಳ ಹಿಂದೆ ಮನೆಯೊಂದನ್ನು ಕಟ್ಟಿಸಿದರು. ತನ್ನ ಹೆಸರಿನಲ್ಲಿಯೇ ಕಲ್ಲನ್ನು ಧರಿಸಿರುವ ಊರು ಅದು. ಅವರ ಹಿರಿಯರ ಮನೆಯೂ ಕಲ್ಲುಗೋಡೆಯದೇ. ಆದರೆ ಮಾವನವರು ಒಮ್ಮೆ ಬೆಂಗಳೂರಿಗೆ ಹೋಗಿದ್ದಾಗ, ಗಿಲಾವು ಮಾಡದೆ ಇಟ್ಟಿಗೆಯ ಮೈಯನ್ನೇ ತೋರಿಸುವ ಹೊಸ ಬಗೆಯ ಮನೆಗಳನ್ನು ಕಂಡು ಬಂದಿದ್ದರು. ತಮ್ಮ ಮನೆಯೂ ಅಂತೆಯೇ ಆಗಬೇಕೆಂದು ಹಟ ಹಿಡಿದು, ತಮಗೆಂದೇ ನಕ್ಷೆ ಬರೆಯಿಸಿ, ಒಂದು ವರ್ಷದಲ್ಲಿ ಕೆಲಸ ಮುಗಿಸಿದರು. ನೋಡಿದವರೆಲ್ಲರೂ ಮೆಚ್ಚಿದರು. ಪಡಸಾಲೆಯ ಆರು ಅಡಿ ಅಗಲದ ಕಿಟಕಿ, ಅದರ ಮೇಲೆ ನೆಟ್ಟಗೆ ನಿಲ್ಲಿಸಿದ ಇಟ್ಟಿಗೆಗಳ ಒಂದು ಸಾಲು, ಆ ಸಾಲಿನ ಮೇಲೆ ಮತ್ತೆ ಮಲಗಿಸಿದ ಇಟ್ಟಿಗೆಗಳ ವರಸೆಗಳು - ಚಿತ್ರದಂತೆ ಇತ್ತು.

ಮೂರನೆಯ ಮಳೆಗಾಲದಲ್ಲಿ, ಒಂದು ರಾತ್ರಿ, ಆ ನಿಂತ ಸಾಲಿನಿಂದ ಎರಡು ಇಟ್ಟಿಗೆಗಳು ಕಳಚಿ ಕೆಳಗೆ ಬಿದ್ದುವು. ಬಿದ್ದದ್ದು ಕಿಟಕಿಯ ಹೊರಗಣ ಕಟ್ಟೆಯ ಮೇಲೆ. ಸಂಜೆಯ ಹೊತ್ತು ಮಾವನವರ ಮೊಮ್ಮಗಳು ಪುಸ್ತಕ ಹಿಡಿದು ಕೂರುವ ಸ್ಥಳವದು. ಮೂರು ಕಿಲೋಗ್ರಾಮಿನಷ್ಟು ತೂಗುವ ವಸ್ತು ಏಳು ಅಡಿ ಎತ್ತರದಿಂದ ಬಿದ್ದರೆ ಏನಾದೀತೆಂದು ವಿವರಿಸಬೇಕಾಗಿಲ್ಲ. ನಾನು ಮಾರನೆಯ ವಾರ ಹೋದಾಗ ಮಾವನವರು ಭಟ್ಟಿಯವನ ಮೇಲೆ ಕೆಂಡವಾಗಿದ್ದರು. "ಇಟ್ಟಂಗಿ ಖೋಟಾ ಕೊಟ್ಟಾನಪ್ಪಾ, ಇಟ್ಟಂಗಿ!" ಎಂದರು. ಬಿದ್ದ ಇಟ್ಟಿಗೆಗಳೆರಡನ್ನೂ ಎತ್ತಿ ಒಂದಕ್ಕೊಂದು ಬಡಿದು ನೋಡಿದೆ: ಗಂಟೆಯಂತೆ ನಾದ ಬಂತು. ಉಗುರಿನಿಂದ ಗೀರಿದರೆ ಗೆರೆ ಮೂಡಲಿಲ್ಲ. ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ ತೂಗಿದಾಗ ಕುಡಿದ ನೀರು ಇಟ್ಟಿಗೆಯ ತೂಕದ ಆರನೆಯ ಒಂದು ಪಾಲನ್ನು ಮೀರಿರಲಿಲ್ಲ. ಐದನೆಯ ಒಂದು ಪಾಲಿನವರೆಗೆ ಕುಡಿಯಬಹುದೆಂದು ನಮ್ಮ ದೇಶದ ಮಾನಕ ಸಂಸ್ಥೆಯ ನಿಯಮವೇ ಹೇಳುತ್ತದೆ. ಇಟ್ಟಿಗೆ ನಿರಪರಾಧಿ. ಅದನ್ನು ಹೊತ್ತುಕೊಳ್ಳುವವರು ಯಾರೂ ಇರಲಿಲ್ಲ, ಅಷ್ಟೇ.

ಈ ಮಾತು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಇಟ್ಟಿಗೆಯೇ ಮನೆಯನ್ನು ಹೊರುವಂಥದು; ಅದನ್ನು ಬೇರೊಬ್ಬರು ಹೊರುವುದೆಂದರೇನು? ಇದನ್ನು ತಿಳಿಯಬೇಕಾದರೆ ಇಟ್ಟಿಗೆಯ ಸ್ವಭಾವವನ್ನು ಸ್ವಲ್ಪ ವಿಚಾರಿಸಬೇಕು.

ಇಟ್ಟಿಗೆಯನ್ನು ಒತ್ತಿದರೆ ಅದು ಮಹಾ ಸಹಿಷ್ಣು. ಸಾಧಾರಣ ದರ್ಜೆಯ ಇಟ್ಟಿಗೆ ಪ್ರತಿ ಚದರ ಸೆಂಟಿಮೀಟರಿಗೆ 35 ಕಿಲೋಗ್ರಾಮ್ ಭಾರವನ್ನು ತಡೆಯಬಲ್ಲುದು. ಒಂದು ಘನಮೀಟರು ಇಟ್ಟಿಗೆಗೋಡೆ ಸುಮಾರು 1,900 ಕಿಲೋಗ್ರಾಮ್ ತೂಗುವುದೆಂದು ಹಿಡಿದರೆ, ಬರಿಯ ಕಾಗದದ ಲೆಕ್ಕದಲ್ಲಿ, 180 ಮೀಟರು ಎತ್ತರದ ಗೋಡೆಯನ್ನು ಅದರ ಬುಡದ ಇಟ್ಟಿಗೆ ಪುಡಿಯಾಗದೆ ಹೊರಬೇಕು. ಬಿಜಾಪುರದ ಗೋಳಗುಮ್ಮಟವನ್ನು ಮೂರು ಸಲ ಒಂದರ ಮೇಲೊಂದು ಇಟ್ಟರೂ ಅಷ್ಟು ಎತ್ತರವಾಗದು! ನಿಜವಾದ ಗೋಡೆಯಲ್ಲಿ ನಡುವೆ ಗಾರೆಯ ಸಂದು ಇರುವುದರಿಂದಲೂ, ತೆಳ್ಳಗಿನ ಎತ್ತರದ ಗೋಡೆ ಬಾಗುವುದರಿಂದಲೂ ಇದರಲ್ಲಿ ಒಂದು ಸಣ್ಣ ಪಾಲನ್ನು ಮಾತ್ರ ನಂಬಬಹುದು. ಅದಿರಲಿ, ಒತ್ತಿಗೆ ಇಟ್ಟಿಗೆ ಅಂಜುವುದಿಲ್ಲ ಎಂಬುದು ಸ್ಪಷ್ಟ.

ಸೆಳೆತದ ಮಾತೇ ಬೇರೆ. ಗಾರೆಯಿಂದ ಅಂಟಿಸಿದ ಎರಡು ಇಟ್ಟಿಗೆಗಳನ್ನು ಕೆಲವು ದಿನಗಳ ಬಳಿಕ ಮೊಣಕಾಲಿನ ಮೇಲಿಟ್ಟು ಮುರಿದು ನೋಡಿರಿ; ಬಲವಂತನೇ ಆಗಬೇಕಿಲ್ಲ, ಅವು ಬೇರೆಯಾಗುವುವು. ಗಾರೆಯ ಕೆಲಸ ಇಟ್ಟಿಗೆಗಳ ನಡುವಣ ಒರಟನ್ನು ತುಂಬಿ ಭಾರವನ್ನು ಸಮವಾಗಿ ಹಂಚುವುದು; ನೇತುಹಾಕುವುದು ಅದರ ಕೆಲಸವಲ್ಲ. ಆದುದರಿಂದ ಇಟ್ಟಿಗೆಯ ಕಟ್ಟಡದಲ್ಲಿ ಪ್ರತಿಯೊಂದು ಇಟ್ಟಿಗೆಯ ಕೆಳಗೂ ಏನಾದರೊಂದು ಇರಲೇಬೇಕು. ಗೋಡೆಯ ಮಧ್ಯದಲ್ಲಿ ಕೆಳಗಿನ ವರಸೆಯ ಇಟ್ಟಿಗೆಯೇ ಅದು. ಬಾಗಿಲು ಕಿಟಕಿಗಳ ಮೇಲೆ? ಅಲ್ಲಿ ಕೆಳಗೆ ಇರುವುದು ಗಾಳಿ.

ಹಳೆಯ ಗೋಡೆಯನ್ನು ಒಡೆದು ಹೊಸ ಬಾಗಿಲು ಇಡುವುದನ್ನು ನೋಡಿದವರಿಗೆ ಒಂದು ಸಂಗತಿ ನೆನಪಿರಬಹುದು. ಕೆಳಗಿನ ಇಟ್ಟಿಗೆಗಳನ್ನು ಕಿತ್ತಾಗ ಮೇಲಿನ ಗೋಡೆಯೆಲ್ಲವೂ ಕುಸಿಯುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಒಂದು ತ್ರಿಕೋನ ಮಾತ್ರ ಬೀಳುವುದು. ಏಕೆಂದರೆ ಇಟ್ಟಿಗೆಗಳನ್ನು ಸಂದಿನ ಮೇಲೆ ಸಂದು ಬಾರದಂತೆ ಹೆಣೆದು ಕಟ್ಟಿರುವುದರಿಂದ, ಮೇಲಿನ ಭಾರವು ಒಂದು ಇಟ್ಟಿಗೆಯಿಂದ ಅದರ ಕೆಳಗಿನ ಎರಡಕ್ಕೆ, ಅವುಗಳಿಂದ ಮತ್ತಷ್ಟು ಪಕ್ಕಕ್ಕೆ ಸರಿಯುತ್ತ ಸರಿಯುತ್ತ ಎರಡೂ ಬದಿಯ ಗೋಡೆಗಳಿಗೆ ಇಳಿದುಹೋಗುವುದು. ತೆರಪಿನ ಮೇಲೆ ನಿಜವಾಗಿ ಕೂರುವುದು ಆ ತ್ರಿಕೋನದ ಭಾರವೇ. ಎಂಜಿನಿಯರುಗಳು ಅದನ್ನು 60 ಡಿಗ್ರಿಯ ಸಮಭುಜ ತ್ರಿಕೋನವೆಂದು ಎಣಿಸುತ್ತಾರೆ.

ಲೆಕ್ಕ ಹಾಕೋಣ. ಮೂರು ಅಡಿಯ, ಎಂದರೆ 90 ಸೆಂಟಿಮೀಟರಿನ ಬಾಗಿಲು. ಗೋಡೆಯ ದಪ್ಪ 23 ಸೆಂಟಿಮೀಟರು. ತ್ರಿಕೋನದ ಎತ್ತರ 78 ಸೆಂಟಿಮೀಟರಾಗುವುದು, ಅದರ ತೂಕ ಸುಮಾರು 150 ಕಿಲೋಗ್ರಾಮ್. ಇಬ್ಬರು ಮನುಷ್ಯರನ್ನು ಕೂರಿಸಿದಂತೆ. ಮಾವನವರ ಆರು ಅಡಿಯ ಕಿಟಕಿಯನ್ನು ತೆಗೆದುಕೊಂಡರೆ ಭಾರವು ಇಮ್ಮಡಿಯಲ್ಲ, ನಾಲ್ಮಡಿ: 610 ಕಿಲೋಗ್ರಾಮ್. ಇನ್ನೊಂದು ತೊಡಕೂ ಉಂಟು. ಈ ತ್ರಿಕೋನದ ಎತ್ತರ 1.56 ಮೀಟರು, ಆದರೆ ಕಿಟಕಿಯ ತಲೆಯಿಂದ ಚಾವಣಿಯವರೆಗೆ ಇರುವುದು ಮೂರು ಅಡಿ ಮಾತ್ರ. ತ್ರಿಕೋನ ಪೂರ್ತಿಯಾಗುವ ಮೊದಲೇ ಗೋಡೆ ಮುಗಿದುಹೋಯಿತು. ಹೀಗಾದಾಗ ಚಾವಣಿಯ ಭಾರವೂ ಪಕ್ಕಕ್ಕೆ ಸರಿಯಲು ಎಡೆಯಿಲ್ಲದೆ ನೇರವಾಗಿ ಕಿಟಕಿಯ ಮೇಲೆಯೇ ಇಳಿಯುವುದು. ಅಗಲವಾದ ಕಿಟಕಿಗಳು ಇಂದಿನ ಮನೆಗಳ ಸೊಬಗು, ನಿಜ. ಆದರೆ ಅಜ್ಜನ ಮನೆಯ ಚಿಕ್ಕ ಕಿಟಕಿಗೆ ಸಾಕಾಗುತ್ತಿದ್ದ ಉಪಾಯ ಅವಕ್ಕೆ ಸಾಲದು.

ಅಜ್ಜನ ಉಪಾಯ ಯಾವುದು? ಒಂದು ಉದ್ದ ಕಲ್ಲನ್ನು ಅಡ್ಡವಾಗಿ ಇಡುವುದು. ರಾಯಚೂರು ಸೀಮೆಯವರಿಗೆ ಉದ್ದ ಕಲ್ಲುಗಳ ಪರಿಚಯವನ್ನು ಹೇಳಿಕೊಡಬೇಕಾಗಿಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವನ್ನು ಹೊತ್ತ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಅದನ್ನು ಗಾಡಿಯ ಮೇಲೆ ಹೇರಿ ಕೋಣಗಳಿಂದ ಎಳೆಯಿಸಿ ತಂದ ದೃಶ್ಯವನ್ನೂ ಅಲ್ಲಿಯೇ ಕೆತ್ತಿದ್ದಾರೆ. ನೋಡಿದವನಿಗೆ ಬೆರಗಾಗುತ್ತದೆ. ಆದರೆ ಒಂದನ್ನು ಗಮನಿಸಬೇಕು: ಆ ಕಲ್ಲು ಗೋಡೆಯೊಳಗೆ, ಉದ್ದಕ್ಕೂ ಆಧಾರದ ಮೇಲೆ, ಮಲಗಿದೆ, 41 ಅಡಿಯ ತೆರಪನ್ನು ದಾಟುವ ತೊಲೆಯ ಕೆಲಸವನ್ನು ಯಾರೂ ಅದಕ್ಕೆ ಹೇಳಲಿಲ್ಲ. ಅಡ್ಡ ಇಟ್ಟ ಕಲ್ಲು ಭಾರಕ್ಕೆ ಕೊಂಚ ಬಾಗುವುದು. ಬಾಗಿದಾಗ ಅದರ ಮೇಲ್ಮೈ ಒತ್ತಿಗೂ ತಳವು ಸೆಳೆತಕ್ಕೂ ಒಳಗಾಗುವುದು. ಕಲ್ಲು ಇಟ್ಟಿಗೆಗಿಂತ ಗಟ್ಟಿಯಾದರೂ ಸೆಳೆತದಲ್ಲಿ ಅದೂ ಬಡವನೇ. ತೆರಪಿನ ಅಗಲ ಇಮ್ಮಡಿಯಾದರೆ, ಕಲ್ಲಿನ ಸ್ವಂತ ತೂಕದಿಂದಲೇ ತಳದ ಸೆಳೆತ ನಾಲ್ಮಡಿಯಾಗುವುದು. ನಮ್ಮ ಗುಡಿಗಳ ಮಂಟಪಗಳಲ್ಲಿ ಕಂಬಗಳು ಅಷ್ಟು ಹತ್ತಿರ ಹತ್ತಿರ ನಿಂತಿರುವುದಕ್ಕೆ ಇದೇ ಕಾರಣ.

ಇನ್ನೊಂದು ಉಪಾಯ ಕಮಾನು. ಅದರ ಜಾಣತನವನ್ನು ಎಷ್ಟು ಹೊಗಳಿದರೂ ಕಡಿಮೆ. ಇಟ್ಟಿಗೆಗೆ ಸೆಳೆತ ಆಗದು, ಒತ್ತು ಆಗುತ್ತದೆ ಎಂದಾದರೆ, ಎಲ್ಲ ಇಟ್ಟಿಗೆಗಳೂ ಒಂದನ್ನೊಂದು ಒತ್ತುವಂತೆ ಜೋಡಿಸಿಬಿಟ್ಟರಾಯಿತಲ್ಲ! ಬಿಜಾಪುರದಲ್ಲಿ ಮುಹಮ್ಮದ್ ಆದಿಲಶಾಹನ ಗೋರಿಯ ಮೇಲೆ ನಿಂತ ಗೋಳಗುಮ್ಮಟದ ಗುಮ್ಮಟವು ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದಾದದ್ದು. ಹೊರ ವ್ಯಾಸ ಸುಮಾರು 44 ಮೀಟರು. ಒಂದು ಕಂಬವೂ ನಡುವೆ ಇಲ್ಲ. ಒಂದನ್ನೊಂದು ಕತ್ತರಿಸಿ ಹಾಯುವ ಎಂಟು ಕಮಾನುಗಳು ಆ ಭಾರವನ್ನು ಚೌಕ ಗೋಡೆಗಳ ಮೇಲೆ ಇಳಿಸುತ್ತವೆ. 17ನೆಯ ಶತಮಾನದ ಆ ಗೌಂಡಿಗಳು ಕಬ್ಬಿಣದ ಸರಳನ್ನು ನಂಬಿ ಕುಳಿತವರಲ್ಲ.

ಆದರೆ ಕಮಾನು ಉಪಕಾರಕ್ಕೆ ಪ್ರತಿಯಾಗಿ ಒಂದು ಬೆಲೆ ಕೇಳುತ್ತದೆ. ಅದು ಭಾರವನ್ನು ಕೆಳಕ್ಕೆ ಇಳಿಸುವುದಲ್ಲದೆ ಪಕ್ಕಕ್ಕೂ ತಳ್ಳುತ್ತದೆ. ಕಮಾನು ಎಷ್ಟು ಚಪ್ಪಟೆಯೋ ತಳ್ಳು ಅಷ್ಟು ಹೆಚ್ಚು. ಅರ್ಧ ವೃತ್ತದ ಕಮಾನಿನ ಮೇಲೆ ಸಮನಾಗಿ ಹರಡಿದ 1,800 ಕಿಲೋಗ್ರಾಮ್ ಭಾರವಿದ್ದರೆ, ಸ್ಥೂಲ ಲೆಕ್ಕದಲ್ಲಿ ಪ್ರತಿ ಬದಿಗೆ 450 ಕಿಲೋಗ್ರಾಮಿನ ತಳ್ಳು. ಕಮಾನಿನ ಎತ್ತರವನ್ನು ಅಗಲದ ಎಂಟನೆಯ ಒಂದು ಪಾಲಿಗೆ ಇಳಿಸಿದರೆ ತಳ್ಳು 1,800 ಕಿಲೋಗ್ರಾಮ್, ಎಂದರೆ ಒಟ್ಟು ಭಾರದಷ್ಟೇ! ಬದಿಯಲ್ಲಿ ಉದ್ದವಾದ ಗೋಡೆ ಇದ್ದರೆ ಅದು ಈ ತಳ್ಳನ್ನು ನುಂಗಿಕೊಳ್ಳುವುದು. ಸಾಲಾಗಿ ಕಮಾನುಗಳಿದ್ದರೆ ಒಂದರ ತಳ್ಳನ್ನು ಮತ್ತೊಂದು ತಡೆಯುವುದು. ಕೊನೆಯದಕ್ಕೆ ಮಾತ್ರ ದಪ್ಪ ಕಂಬ ಬೇಕು. ಹೊಸ ಮನೆಗಳಲ್ಲಿ ಚೆಂದಕ್ಕೆಂದು ಮೂಲೆಯಿಂದ ಒಂದೇ ಅಡಿ ದೂರದಲ್ಲಿ ಚಪ್ಪಟೆ ಕಮಾನು ಇಡುವುದನ್ನು ಕಂಡಾಗ ನನಗೆ ಭಯವಾಗುವುದು ಈ ಕಾರಣದಿಂದ. ಅಲ್ಲಿ ಮೂಲೆಯ ಇಟ್ಟಿಗೆಗಳು ದಿನಕ್ಕೊಂದಿಷ್ಟು ಹೊರಕ್ಕೆ ಜರುಗುತ್ತವೆ, ಕಮಾನಿನ ನೆತ್ತಿಯಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ. ಗೌಂಡಿ ಬಂದು ಸಿಮೆಂಟು ತಿಕ್ಕಿ ಹೋಗುತ್ತಾನೆ.

ಕಲ್ಲಿಗೂ ಕಮಾನಿಗೂ ಬದಲಾಗಿ ಬಂದದ್ದು ಕಬ್ಬಿಣದ ಸರಳು ಹುದುಗಿಸಿದ ಕಾಂಕ್ರೀಟು. 1867ರಲ್ಲಿ ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೇ ಗಿಡಗಳನ್ನು ಬೆಳೆಸುವ ತೊಟ್ಟಿಗಳಿಗೆಂದು ಇದರ ಹಕ್ಕುಪತ್ರ ಪಡೆದ. ಕಾಂಕ್ರೀಟಿನ ಸೆಳೆತದ ಬಲ ಅದರ ಒತ್ತಿನ ಬಲದ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಆ ಕೊರತೆಯನ್ನು ಸರಳು ತುಂಬುತ್ತದೆ. ಆದುದರಿಂದಲೇ ಲಿಂಟಲಿನಲ್ಲಿ ಮುಖ್ಯ ಸರಳುಗಳು ತಳದ ಕಡೆ ಇರತಕ್ಕದ್ದು. ನೆಲದ ಮೇಲೆ ಎರಕಹೊಯ್ದು ಆಮೇಲೆ ಎತ್ತಿ ಇಡುವ ಲಿಂಟಲನ್ನು ತಲೆಕೆಳಗಾಗಿ ಇಟ್ಟುಬಿಟ್ಟರೆ ಸರಳು ಮೇಲೆ, ಸೆಳೆತ ಕೆಳಗೆ! ಹೀಗಾಗುವುದು ಅಪರೂಪವೇನಲ್ಲ. ಎರಕದ ದಿನವೇ ಮೇಲ್ಮೈಗೆ ಬಣ್ಣದ ಗುರುತು ಹಾಕಿಬಿಡುವುದು ಒಳ್ಳೆಯದು. ಲಿಂಟಲಿನ ಎರಡೂ ತುದಿಗಳು ಗೋಡೆಯ ಮೇಲೆ 15ರಿಂದ 20 ಸೆಂಟಿಮೀಟರು ಕೂತಿರಬೇಕು. ಕೂರುವ ಜಾಗ ಕಡಿಮೆಯಾದರೆ ಅಷ್ಟೂ ಭಾರ ಒಂದೆರಡು ಇಟ್ಟಿಗೆಗಳ ಅಂಚಿಗೆ ಬಿದ್ದು ಅವು ಚಕ್ಕೆ ಏಳುತ್ತವೆ.

ಈಗ ಮಾವನವರ ಕಿಟಕಿಗೆ ಹಿಂದಿರುಗೋಣ. ಅಲ್ಲಿ ಲಿಂಟಲು ಇತ್ತು, ಚೆನ್ನಾಗಿಯೇ ಇತ್ತು. ಆದರೆ ಹೊರಗಿನಿಂದ ಕಾಂಕ್ರೀಟು ಕಾಣಬಾರದೆಂದು ಅದನ್ನು ಗೋಡೆಯ ಒಳ ಅರ್ಧದಲ್ಲಿ ಮಾತ್ರ ಎರೆದಿದ್ದರು. ಹೊರ ಅರ್ಧದಲ್ಲಿ, ಲಿಂಟಲಿನ ಮುಂದೆ, ಆ ನಿಂತ ಇಟ್ಟಿಗೆಗಳ ಸಾಲು. ನೋಡುವವನಿಗೆ ಅದೇ ಗೋಡೆಯನ್ನು ಹೊತ್ತಿರುವಂತೆ ತೋರುತ್ತದೆ. ವಾಸ್ತವದಲ್ಲಿ ಅದು ಕಮಾನಲ್ಲ. ಕಮಾನಿನ ಇಟ್ಟಿಗೆಗಳು ಬೆಣೆಯಂತೆ ಓರೆಯಾಗಿ ಕೂತು ಒಂದನ್ನೊಂದು ಬಿಗಿಹಿಡಿಯುತ್ತವೆ, ಇವು ನೆಟ್ಟಗೆ ಸಮಾನಾಂತರವಾಗಿ ನಿಂತಿವೆ. ಕಟ್ಟುವಾಗ ಕೆಳಗೆ ಹಲಗೆ ಇತ್ತು. ಹಲಗೆ ತೆಗೆದ ದಿನದಿಂದ ಹದಿನೆಂಟು ಇಟ್ಟಿಗೆಗಳು, ಗಾರೆಯೂ ಸೇರಿ ಅರ್ಧ ಕ್ವಿಂಟಲಿಗೂ ಮೇಲ್ಪಟ್ಟ ತೂಕ, ಬೆನ್ನಿನ ಗಾರೆಯ ಅಂಟನ್ನೇ ನಂಬಿ ನೇತಾಡುತ್ತಿದ್ದುವು. ಅವುಗಳ ತಲೆಯ ಮೇಲೆ ಹೊರಮುಖದ ವರಸೆಗಳ ಭಾರ ಬೇರೆ. ಗಾರೆ ಮೂರು ವರ್ಷ ತಡೆದದ್ದೇ ಆಶ್ಚರ್ಯ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಬಳಿಕ ಮಳೆ. ಗೋಡೆ ಹಿಗ್ಗಿ ಕುಗ್ಗಿ, ಅಂಟು ಸಡಿಲಿತು.

ಈ ಸಾಲನ್ನು ಇಡಲೇಬಾರದೆಂದು ನಾನು ಹೇಳುವುದಿಲ್ಲ. ಅದಕ್ಕೊಂದು ಆಸರೆ ಕೊಡಬೇಕು, ಅಷ್ಟೆ. ಮೊದಲೇ ಯೋಚಿಸಿದ್ದರೆ ಲಿಂಟಲಿನ ತಳದಿಂದ ಹೊರಕ್ಕೆ ಒಂದು ತುಟಿಯನ್ನು ಚಾಚಿ ಎರೆದು, ಇಟ್ಟಿಗೆಗಳನ್ನು ಅದರ ಮೇಲೆ ಕೂರಿಸಬಹುದಾಗಿತ್ತು. ತುಟಿ ಕಾಣಬಾರದೆಂದರೆ, ಇಟ್ಟಿಗೆಗಳಲ್ಲಿ ರಂಧ್ರ ಕೊರೆದು ಅಡ್ಡಲಾಗಿ ತುಕ್ಕು ಹಿಡಿಯದ ಉಕ್ಕಿನ ಕಂಬಿ ತೂರಿಸಿ, ಆ ಕಂಬಿಯನ್ನು ಅಲ್ಲಲ್ಲಿ ಕೊಂಡಿಗಳಿಂದ ಕಾಂಕ್ರೀಟಿಗೆ ಬಿಗಿಯಬಹುದು. ಎಲ್ಲಕ್ಕಿಂತ ಸುಲಭವಾದದ್ದು ಉಕ್ಕಿನ ಮೂಲೆಪಟ್ಟಿ, ನಮ್ಮ ಕಡೆ ಆಂಗಲ್ ಎನ್ನುವುದು. ಅದರ ಒಂದು ರೆಕ್ಕೆ ಲಿಂಟಲಿನ ಮುಖಕ್ಕೆ ಬೋಲ್ಟುಗಳಿಂದ ಬಿಗಿದಿರುತ್ತದೆ, ಇನ್ನೊಂದರ ಮೇಲೆ ಇಟ್ಟಿಗೆ ನಿಲ್ಲುತ್ತದೆ. ಇಟ್ಟಿಗೆಯ ಅಗಲದಲ್ಲಿ ಮೂರನೆಯ ಎರಡು ಪಾಲಾದರೂ ಆ ರೆಕ್ಕೆಯ ಮೇಲೆ ಇರಬೇಕು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕಬ್ಬಿಣ ತುಕ್ಕಾದಾಗ ತನ್ನ ಮೊದಲಿನ ಗಾತ್ರಕ್ಕಿಂತ ಹಲವು ಪಟ್ಟು ಉಬ್ಬುತ್ತದೆ. ತೆಳುವಾದ ಆಂಗಲ್ ಕೂಡ ತುಕ್ಕು ಹಿಡಿದು ಮೇಲಿನ ವರಸೆಗಳನ್ನು ನಿಧಾನವಾಗಿ ಎತ್ತಿ ಸೀಳಬಲ್ಲುದು. ಸತುವಿನ ಲೇಪ ಕೊಟ್ಟದ್ದನ್ನೋ ತುಕ್ಕು ಹಿಡಿಯದ ಉಕ್ಕನ್ನೋ ಉಪಯೋಗಿಸಬೇಕು. ಒಳಗೆ ಸೇರಿದ ನೀರು ಹೊರಬರಲು ಅದರ ಮೇಲಣ ನಿಲುವು ಸಂದುಗಳಲ್ಲಿ ಕೆಲವನ್ನು ಗಾರೆ ತುಂಬದೆ ಬಿಡಬೇಕು. ಬಣ್ಣ ಬಳಿದ ಸಾಮಾನ್ಯ ಕಬ್ಬಿಣ ಅಗ್ಗವಾಗಿ ತೋರಿದರೂ ಕೊನೆಗೆ ದುಬಾರಿ.

ಮಹಡಿಯ ಮನೆಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದೊಂದು ತೊಂದರೆ ಉಂಟು. ಭಟ್ಟಿಯಿಂದ ಹೊರಬಂದ ಸುಟ್ಟ ಇಟ್ಟಿಗೆಯು ಗಾಳಿಯ ತೇವವನ್ನು ಹೀರಿ ಬಹುಕಾಲದವರೆಗೆ ಅತ್ಯಲ್ಪವಾಗಿ ಹಿಗ್ಗುತ್ತಲೇ ಇರುತ್ತದೆ. ಈ ಹಿಗ್ಗು ಮತ್ತೆ ಇಳಿಯದು. ಕಾಂಕ್ರೀಟಿನ ಕಂಬವಾದರೋ ಒಣಗುತ್ತ, ಭಾರಕ್ಕೆ ನಲುಗುತ್ತ, ಗಿಡ್ಡವಾಗುತ್ತದೆ. ಒಂದು ಅಂತಸ್ತಿನ ಎತ್ತರದಲ್ಲಿ ಇವೆರಡರ ವ್ಯತ್ಯಾಸ ಒಂದೆರಡು ಮಿಲಿಮೀಟರು ಮಾತ್ರ. ಆದರೆ ಕೆಳಗಿನ ಅಂತಸ್ತಿನ ಇಟ್ಟಿಗೆಮುಖವನ್ನು ಮೇಲಿನ ಆಂಗಲ್‌ಗೆ ತಾಗುವಂತೆ ಗಾರೆ ತುಂಬಿ ಬಿಗಿದಿದ್ದರೆ, ಹಿಗ್ಗುವ ಇಟ್ಟಿಗೆ ಕುಗ್ಗುವ ಚೌಕಟ್ಟಿನ ನಡುವೆ ಸಿಕ್ಕಿ ಹೊಟ್ಟೆ ಉಬ್ಬಿಸಿ ಹೊರಬೀಳುವುದು. ಆದುದರಿಂದ ಪ್ರತಿ ಅಂತಸ್ತಿನಲ್ಲಿಯೂ ಆಂಗಲಿನ ಕೆಳಗೆ ಸುಮಾರು 10 ಮಿಲಿಮೀಟರು ಸಂದು ಬಿಟ್ಟು, ಮೆತ್ತನೆಯ ಪದಾರ್ಥದಿಂದ ತುಂಬುತ್ತಾರೆ. ಗೌಂಡಿಗೆ ಆ ಖಾಲಿ ಸಂದು ಕೆಲಸದ ಕುಂದೆಂದು ತೋರಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಕರಣೆ ಹಿಡಿದು ಗಾರೆ ತುಂಬಿಬಿಡುತ್ತಾನೆ! ರಾಯಚೂರಿನ ಬಳಿ ಶಕ್ತಿನಗರದ ವಿದ್ಯುತ್ ಸ್ಥಾವರ 1985ರಲ್ಲಿ ಆರಂಭವಾದ ಮೇಲೆ ಅದರ ಕಲ್ಲಿದ್ದಲಿನ ಹಾರುಬೂದಿ ಹೇರಳವಾಯಿತು. ಅಂಥ ಬೂದಿಯಿಂದ ಮಾಡುವ ಇಟ್ಟಿಗೆ ಸುಟ್ಟದ್ದಲ್ಲವಾದ್ದರಿಂದ ಹಿಗ್ಗುವ ಬದಲು ಒಣಗುತ್ತ ಕುಗ್ಗುತ್ತದೆ. ಎರಡು ಜಾತಿಯ ಇಟ್ಟಿಗೆಗಳನ್ನು ಒಂದೇ ಗೋಡೆಯಲ್ಲಿ ಬೆರೆಸುವುದು ಸರಿಯಲ್ಲ.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡಿಗೆ ಇನ್ನೊಂದು ವಿಶೇಷವುಂಟು: ಎರೆಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯ್ಬಿಡುವ, ಮಳೆಗೆ ಉಬ್ಬುವ ಮಣ್ಣು. ಹತ್ತಿಗೂ ಜೋಳಕ್ಕೂ ಅದು ತಾಯಿ, ಗೋಡೆಗೆ ಮಲತಾಯಿ. ಅದರಲ್ಲಿರುವ ಒಂದು ಜಾತಿಯ ಜೇಡಿಯ ಪದರಗಳ ನಡುವೆ ನೀರು ನುಗ್ಗಿ ಹೊರಬರುವುದರಿಂದ ಈ ಉಸಿರಾಟ. ಹಸಿ ಇಟ್ಟಿಗೆ ಒಣಗುವಾಗಲೇ ಸೀಳುವುದರಿಂದ ಬರಿಯ ಎರೆಯಿಂದ ಇಟ್ಟಿಗೆಯೂ ಚೆನ್ನಾಗಿ ಬಾರದು. ಸುಟ್ಟ ಮಣ್ಣಿನ ಪುಡಿಯನ್ನೋ ಬೇರೆ ಮಣ್ಣನ್ನೋ ಬೆರೆಸಬೇಕು. ಮನೆಯ ಒಂದು ಮೂಲೆಯ ಬಳಿ ಬಚ್ಚಲ ನೀರು ಇಂಗುತ್ತಿದ್ದು ಇನ್ನೊಂದು ಮೂಲೆ ಒಣಗಿದ್ದರೆ ಒಂದೇ ಬುನಾದಿ ಎರಡು ಬಗೆಯಾಗಿ ಆಡುವುದು. ಆಗ ಬಿರುಕು ಏಳುವುದೆಲ್ಲಿ? ಕಿಟಕಿಯ ಮೂಲೆಯಿಂದ, ಓರೆಯಾಗಿ. ಗೋಡೆಯ ಬಲ ಕಡಿಮೆಯಿರುವುದು ಅಲ್ಲಿಯೇ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ನೆಲಕ್ಕೆಂದೇ, ಉಬ್ಬು ಕುಗ್ಗು ಮುಟ್ಟದಂತೆ ಸುಮಾರು ಮೂರೂವರೆ ಮೀಟರು ಆಳಕ್ಕೆ ಇಳಿದು ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟು ಕಂಬಗಳ ಬುನಾದಿಯನ್ನು ರೂಪಿಸಿದ್ದಾರೆ. ಅಷ್ಟು ಖರ್ಚು ಆಗದವರು ಕೂಡ ಲಿಂಟಲನ್ನು ಕಿಟಕಿಗೊಂದು ತುಂಡಾಗಿ ಎರೆಯದೆ, ಎಲ್ಲ ಗೋಡೆಗಳನ್ನೂ ಬಳಸುವ ಒಂದೇ ಪಟ್ಟಿಯಾಗಿ ಎರೆಯಿಸಬಹುದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಗಡಿಗೆ ಸಮೀಪದ ಕಿಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನ ಸತ್ತದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳ ಕೆಳಗೆ. ಆ ಗೋಡೆಗಳನ್ನು ಒಂದಕ್ಕೊಂದು ಹಿಡಿದಿಡುವ ಪಟ್ಟಿ ಇರಲಿಲ್ಲ. ಹೊಟ್ಟೆಗೆ ಸುತ್ತಿದ ದಟ್ಟಿಯಂತೆ ಈ ಪಟ್ಟಿ ಮನೆಯನ್ನು ಬಿಗಿದಿಡುತ್ತದೆ.

ಮಾವನವರ ಮನೆಯಲ್ಲಿ ಉಳಿದ ಇಟ್ಟಿಗೆಗಳಿಗೆ ಮೊದಲು ಹಲಗೆ ಮತ್ತು ಊರೆಗೋಲುಗಳನ್ನು ಕೊಟ್ಟೆವು. ಬಳಿಕ ಒಂದು ಒಂದು ಮೀಟರಿನಂತೆ ಸಾಲನ್ನು ಬಿಚ್ಚಿ, ಸತು ಲೇಪಿಸಿದ ಆಂಗಲನ್ನು ಲಿಂಟಲಿಗೆ ಬಿಗಿದು, ಅದೇ ಇಟ್ಟಿಗೆಗಳನ್ನು ನೀರಿನಲ್ಲಿ ನೆನೆಯಿಸಿ ಮತ್ತೆ ನಿಲ್ಲಿಸಿದ್ದಾಯಿತು. ನಾಲ್ಕು ದಿನದ ಕೆಲಸ. ಭಟ್ಟಿಯವನ ಮೇಲಿನ ಕೋಪ ಇಳಿಯಲು ಅದಕ್ಕಿಂತ ಹೆಚ್ಚು ದಿನ ಹಿಡಿಯಿತು. ಕೆಲಸ ಮಾಡುವಾಗ ಕಿಟಕಿಯ ಕೆಳಗಿನ ಬಲ ಮೂಲೆಯಲ್ಲಿ ಓರೆಯಾದೊಂದು ಸಣ್ಣ ಬಿರುಕು ಕಣ್ಣಿಗೆ ಬಿತ್ತು. ಅದು ಹಳೆಯದೋ, ಇನ್ನೂ ಬೆಳೆಯುತ್ತಿರುವುದೋ ಹೊರನೋಟಕ್ಕೆ ತಿಳಿಯದು. ಅದರ ಮೇಲೆ ಅಡ್ಡಲಾಗಿ ತೆಳು ಗಾಜಿನ ಒಂದು ಪಟ್ಟಿಯನ್ನು ಎರಡೂ ತುದಿಗೆ ಗಾರೆಯಿಂದ ಅಂಟಿಸಿ, ಪಕ್ಕದಲ್ಲಿ ಅಂದಿನ ತಾರೀಖನ್ನು ಬರೆಯಿಸಿ ಬಂದಿದ್ದೇನೆ. ಗೋಡೆ ಅಲುಗಿದರೆ ಗಾಜು ಒಡೆಯಬೇಕು. ಒಂದು ಬೇಸಿಗೆ ಕಳೆಯಿತು, ಒಡೆದಿಲ್ಲ. ಮಳೆಗಾಲ ಮುಗಿದ ಮೇಲೆ ನೋಡಿ ಬರೆಯುವಂತೆ ಮೊಮ್ಮಗಳಿಗೆ ಹೇಳಿದ್ದೇನೆ.